ಭಾವನ ಓರೆಗೆರೆ

ನನ್ನ ಭಾವನ ಜೊತೆ ಹೋಟೆಲಿಗೆ ಹೋಗುವುದೆಂದರೆ ಪ್ರಾಣಸಂಕಟ. ನಾವೆಲ್ಲ ಹಸಿದು ಕೂತಿದ್ದರೆ ಈ ಮನುಷ್ಯ ತಿಂಡಿಪಟ್ಟಿಯನ್ನು ತಲೆಕೆಳಗು ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾ ಕೂರುತ್ತಿದ್ದರು. ಮಾಣಿ ಬಂದು ನಿಂತರೂ ಎಚ್ಚರವಿಲ್ಲ. "ನೋಡು, ಮಧ್ಯದ ಸಾಲಲ್ಲಿ ಬಿಳಿ ತೂತು ಬಿದ್ದಿದೆ" ಎನ್ನುತ್ತಿದ್ದರು. "ಭಾವಾ, ತೂತು ಬಿದ್ದಿರೋದು ನನ್ನ ಹೊಟ್ಟೇಲಿ, ಮೊದಲು ಏನಾದ್ರೂ ತರಿಸಿ" ಎಂದು ನಾನು ರೇಗಬೇಕು. ಅಕ್ಕ ಮಾತ್ರ, ಕಟ್ಟಿಕೊಂಡಿದ್ದಾಯ್ತು ಇನ್ನೇನು ಮಾಡೋದು ಅನ್ನುವ ಮುಖ ಮಾಡಿಕೊಂಡು ನೀರು ಕುಡಿಯುತ್ತಿದ್ದಳು.

ತಲೆಕೆಳಗು ನೋಡುವುದು ಭಾವನ ಕಸುಬು. ಗಣಿತ, ಭೌತಶಾಸ್ತ್ರದ ಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಅವರು ಪುಟ ಕಟ್ಟುವವರು. ಟೈರ್ ಅಂಗಡಿಯ ಮೇಲಿನ ಮಹಡಿ, ಬಿಸಿಲು ಬೀಳದಂತೆ ಕಿಟಕಿಗೆಲ್ಲ ಹಳೆಯ ಪ್ರೂಫ್ ಹಾಳೆ ಅಂಟಿಸಿದ ಕೋಣೆ, ಹಗಲೆಲ್ಲ ರಬ್ಬರಿನ ವಾಸನೆ. ನಾನು ಅದೇ ಕೋಣೆಯಲ್ಲಿ ಪ್ರೂಫ್ ಓದುವವಳು. ನಮ್ಮಿಬ್ಬರದೂ ಒಂದೇ ಮೇಜು, ಎದುರುಬದುರು ಕುರ್ಚಿ. ಭಾವ ಹಾಳೆಯನ್ನು ತಲೆಕೆಳಗಾಗಿ ಇಟ್ಟುಕೊಂಡರೆ ಎದುರಿಗಿದ್ದ ನನಗೆ ಅದು ನೆಟ್ಟಗೆ ಕಾಣುತ್ತಿತ್ತು. ಅವರು ನೋಡುವುದು, ನಾನು ಓದುವುದು. ನೆಟ್ಟಗಿದ್ದರೆ ಮನಸ್ಸು ಓದೋಕೆ ಶುರು ಮಾಡುತ್ತದೆ, ಪದಗಳ ನಡುವಿನ ಬಿಳಿ ತೂತು, ಮುದ್ದೆ ಹುಡುಕುವ ಕಣ್ಣು ಕೆಲಸ ಬಿಡುತ್ತದೆ ಎಂಬುದು ಅವರ ವಾದ. "ಓದಿದ್ರೆ ಕೆಟ್ಟೆ ನಾನು. ಓದೋಕೆ ನೀನಿದ್ದೀಯಲ್ಲ" ಎನ್ನುತ್ತಿದ್ದರು. ಪ್ರೆಸ್ಸಿನಲ್ಲಿ ಅವರಿಗೆ ಸೂಜಿಗಣ್ಣ ಎಂದೇ ಹೆಸರು.

ಪುಟ ಕಟ್ಟಲು ಅವರು ಬಳಸುತ್ತಿದ್ದದ್ದು ಲೇಟೆಕ್ ಎಂಬ ಕಂಪ್ಯೂಟರ್ ತಂತ್ರಾಂಶ. ಗಣಿತದ ಪುಸ್ತಕಕ್ಕೆ ಅದನ್ನು ಬಿಟ್ಟರೆ ಇನ್ನೊಂದಿಲ್ಲ ಎನ್ನುತ್ತಾರೆ. ಅದರಲ್ಲಿ ಪುಟವನ್ನು ಕೈಯಿಂದ ಜೋಡಿಸುವಂತಿಲ್ಲ. ಇಲ್ಲಿ ಭಿನ್ನರಾಶಿ, ಇಲ್ಲಿ ವರ್ಗಮೂಲ ಎಂದು ಆಜ್ಞೆ ಬರೆಯುತ್ತಾ ಹೋಗಬೇಕು, ಆಮೇಲೆ ಯಂತ್ರವೇ ಪುಟ ಕಟ್ಟಿ ಕೊಡುತ್ತದೆ. ಉಳಿದವರು ಕೊಟ್ಟದ್ದನ್ನು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಭಾವನಿಗೆ ಅಷ್ಟಕ್ಕೆಲ್ಲಿ ಸಮಾಧಾನ! ಈ ಅಕ್ಷರ ಕೂದಲೆಳೆಯಷ್ಟು ಎಡಕ್ಕೆ, ಆ ಚಿಹ್ನೆ ಸ್ವಲ್ಪ ಕೆಳಕ್ಕೆ ಎಂದು ಪ್ರತಿ ಪುಟಕ್ಕೂ ತಮ್ಮದೇ ಆಜ್ಞೆ ತುರುಕುತ್ತಿದ್ದರು.

ಅವರಿಗೆ ಕೊನೆಗೂ ಒಗ್ಗದೆ ಹೋದದ್ದು ಒಂದೇ ಚಿಹ್ನೆ. ಎರಡು ಅಡ್ಡಗೆರೆಯ ಸಮ ಚಿಹ್ನೆ ಇರುತ್ತದಲ್ಲ, ಅದರ ಮೇಲೆ ಓರೆಯಾಗಿ ಒಂದು ಗೆರೆ ಹೊಡೆದರೆ 'ಸಮವಲ್ಲ' ಎಂದರ್ಥ. ಯಂತ್ರ ಕೊಡುತ್ತಿದ್ದ ಓರೆಗೆರೆ ಮೋಟಾಗಿತ್ತಂತೆ. "ಹೊಡೆದಿದ್ದಾರೋ ಕೆರೆದಿದ್ದಾರೋ ಗೊತ್ತಾಗಲ್ಲ" ಎಂದು ಮೂಗು ಮುರಿದು, ತಾವೇ ಒಂದು ಮಾಡಿದರು. ಸಮ ಚಿಹ್ನೆ ಹಾಕಿ ಪಕ್ಕದಲ್ಲಿ ಅವರ ಆಜ್ಞೆ ಬರೆದರೆ, ಯಂತ್ರ ಒಂದು ಹೆಜ್ಜೆ ಹಿಂದೆ ಸರಿದು ಚಿಹ್ನೆಯ ಮೇಲೆ ಉದ್ದಕ್ಕೆ, ಸಪೂರವಾಗಿ ಗೆರೆ ಎಳೆಯುತ್ತಿತ್ತು. ಆಗಷ್ಟೇ ಮಗಳು ಹುಟ್ಟಿದ್ದಳು. ಆ ಆಜ್ಞೆಗೆ 'ಪುಟ್ಟಿ' ಎಂದು ಅವಳ ಹೆಸರನ್ನೇ ಇಟ್ಟರು. ಅಕ್ಕ ಕೇಳಿ ನಕ್ಕು ನಕ್ಕು ಸುಸ್ತಾದಳು. ನಿಜ ಹೇಳಬೇಕೆಂದರೆ ಆ ಗೆರೆ ಚೆನ್ನಾಗಿತ್ತು.

ಆ ಗೆರೆ ಮೊದಲು ಬಿದ್ದದ್ದು ನಮ್ಮ ಪ್ರೆಸ್ಸಿಗೆ ಬರೆಯುತ್ತಿದ್ದ ಗಣಿತದ ಮೇಡಂ ಒಬ್ಬರ ಪುಸ್ತಕದಲ್ಲಿ. ದೊಡ್ಡ ಬೀಜಗಣಿತದ ಪುಸ್ತಕ, ಎಲ್ಲ ಕಾಲೇಜಿನಲ್ಲೂ ಪಠ್ಯ. ಮುನ್ನುಡಿಯ ಕೊನೆಗೆ ಮೇಡಂ ಭಾವನ ಹೆಸರು ಬರೆದು, 'ಈ ಪುಟಗಳ ಅಂದವೆಲ್ಲ ಇವರ ಕಣ್ಣಿನದು' ಎಂದು ಒಂದು ಸಾಲು ಹಾಕಿದ್ದರು. ಮನೆಗೆ ಯಾರೇ ಬರಲಿ, ಗ್ಯಾಸ್ ಸ್ಟೌ ರಿಪೇರಿಯವನೇ ಬರಲಿ, ಭಾವ ಆ ಪುಟ ತೆರೆದು ತೋರಿಸುವವರು. "ನಮ್ಮ ಮದುವೆ ಫೋಟೋನೂ ಇಷ್ಟು ಜನಕ್ಕೆ ತೋರಿಸಿಲ್ಲ ಕಣೇ" ಎಂದು ಅಕ್ಕ ನನ್ನ ಹತ್ತಿರ ಹೇಳುತ್ತಿದ್ದಳು. ಹೇಳುವಾಗ ಅವಳ ಮುಖವೂ ಅರಳುತ್ತಿತ್ತು.

ಪುಟ್ಟಿ ಕಾಲೇಜು ಸೇರುವ ಹೊತ್ತಿಗೆ ಪ್ರೆಸ್ಸಿಗೆ ಹೊಸ ಮ್ಯಾನೇಜರ್ ಬಂದ. ಇನ್ನು ಮುಂದೆ ಕಾಗದ ಕಡಿಮೆ, ಎಲ್ಲ ಇ-ಬುಕ್, ಪುಟ ಕಟ್ಟುವ ವಿಭಾಗ ಮುಚ್ಚುತ್ತೇವೆ ಎಂದ. ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ಭಾವ ಮ್ಯಾನೇಜರ್ ಮುಂದೆ ಹೋಗಿ ನಿಂತರು. ಬೇರೆ ಕಡೆ ಹೋಗಲು ಅವರಿಗೆ ಗೊತ್ತಿದ್ದದ್ದಾದರೂ ಏನು, ಪುಟ ಬಿಟ್ಟು?

"ಮೇಡಂ ಪುಸ್ತಕಾನ ಇ-ಬುಕ್ ಮಾಡಿ ಕೊಡಿ" ಅಂದ ಮ್ಯಾನೇಜರ್. "ಕಾಲೇಜು ತೆರೆಯೋದ್ರೊಳಗೆ ಬೇಕು. ಚೆನ್ನಾಗಿ ಬಂದ್ರೆ ಇ-ಬುಕ್ ವಿಭಾಗ ನೀವೇ ನೋಡ್ಕೊಳ್ಳಿ. ಇಲ್ಲಾಂದ್ರೆ ಹೊರಗಿನ ಕಂಪನಿಗೆ ಕೊಡ್ತೀವಿ, ನೀವು ಮನೇಲಿ ಆರಾಮಾಗಿರಿ."

"ಆಮೇಲೆ ನಾನು ಒಂದ್ಸಲ ಓದಬೇಕಲ್ಲ ಸಾರ್?" ಅಂದೆ ನಾನು.

"ಕಾಗದದಲ್ಲಿ ಓದಿದ್ದೀರಲ್ಲಮ್ಮ. ಅದೇ ಅಕ್ಷರ, ಅದೇ ಲೆಕ್ಕ. ಮತ್ತೆ ಓದಿ ಏನು ಪರೀಕ್ಷೆಗೆ ಕೂರ್ತೀರಾ?" ಅಂದ. ತನ್ನ ಮಾತಿಗೆ ತಾನೇ ನಕ್ಕ. ನನ್ನನ್ನು ಕೆಳಗಿನ ಕೋಣೆಗೆ, ಜಾಹೀರಾತಿನ ಚೀಟಿ ಓದಲು ಹಾಕಿದ. ಎದುರುಬದುರು ಮೇಜು ಅಲ್ಲಿಗೆ ಮುಗಿಯಿತು.

ಇ-ಬುಕ್ ಅಂದರೇನೆಂದು ಭಾವನಿಗೆ ಕಲಿಸಿದವಳು ಪುಟ್ಟಿ. ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು, ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸಿ ತೋರಿಸಿದಳು. ಸಾಲುಗಳೆಲ್ಲ ಒಡೆದು ಕೆಳಗೆ ಜಾರಿದವು.

"ಅಯ್ಯೋ, ಪುಟ ಎಲ್ಲಿ ಹೋಯ್ತು?" ಅಂದರು ಭಾವ.

"ಪುಟ ಅಂತ ಇಲ್ಲಪ್ಪ ಇದರಲ್ಲಿ. ಓದೋರಿಗೆ ಹೇಗೆ ಬೇಕೋ ಹಾಗೆ ಹರಿಯತ್ತೆ."

"ಹಾಗಾದ್ರೆ ನಾನು ಮಾಡೋದೇನು?"

ಅಕ್ಕ ತಟ್ಟೆ ತೆಗೆದಳು.

ಆದರೂ ಮಾಡಿದರು, ಅದನ್ನು ಹೇಳಲೇಬೇಕು. ಲೇಟೆಕ್ ಕಡತವನ್ನು ಇ-ಬುಕ್ ಮಾಡುವ ತಂತ್ರಾಂಶವೊಂದಿದೆ. ಮೊದಲ ಸಲ ಅದು ಲೆಕ್ಕಗಳನ್ನೆಲ್ಲ ಚಿತ್ರ ಮಾಡಿ ಉಗುಳಿತು. ಅಕ್ಷರ ಎಷ್ಟೇ ದೊಡ್ಡದು ಮಾಡಿದರೂ ಸಮೀಕರಣ ಮಾತ್ರ ಇರುವೆಯಷ್ಟೇ. ಹೀಗೇ ಕಳಿಸಿಬಿಡಿ, ಯಾರು ನೋಡುತ್ತಾರೆ ಎಂದ ಮ್ಯಾನೇಜರ್. ಭಾವ ಒಪ್ಪಲಿಲ್ಲ. ಮಗಳ ಪಕ್ಕ ಕೂತು, ಈ ವಯಸ್ಸಿನಲ್ಲಿ ಅ ಆ ಇ ಈ ಕಲಿತ ಹಾಗೆ ಕಲಿತು, ಚಿತ್ರ ತೆಗೆಸಿ ಲೆಕ್ಕಗಳನ್ನೂ ಅಕ್ಷರದಂತೆಯೇ ಹಿಗ್ಗಿ ಕುಗ್ಗುವ ಹಾಗೆ ಮಾಡಿದರು. ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗಿದ್ದವು, ಕೂರಿಸಿದರು. ಅಧ್ಯಾಯ ಅಧ್ಯಾಯಕ್ಕೂ ಒದ್ದಾಡಿದರು.

ಆ ತಂತ್ರಾಂಶಕ್ಕೆ ಒಂದು ಚಾಳಿ. ತನಗೆ ತಿಳಿಯದ ಆಜ್ಞೆ ಬಂದಾಗಲೆಲ್ಲ 'ಗೊತ್ತಿಲ್ಲ, ಬಿಡಲಾಗಿದೆ' ಎಂದು ಒಂದು ದೂರು ಬರೆದಿಟ್ಟು ಮುಂದೆ ಹೋಗುತ್ತದೆ. ಭಾವನ ಪುಸ್ತಕಕ್ಕೆ ದೂರಿನ ರಾಶಿಯೇ ಬಿತ್ತು. ಕೂದಲೆಳೆ ಎಡಕ್ಕೆ ಗೊತ್ತಿಲ್ಲ, ಸ್ವಲ್ಪ ಕೆಳಕ್ಕೆ ಗೊತ್ತಿಲ್ಲ. ಪುಟವೇ ಇಲ್ಲದ ಪುಸ್ತಕಕ್ಕೆ ಎಡ ಬಲ ಯಾಕೆ ಎಂದು ಅವರು ಮೊದಲೊಂದಷ್ಟು ನೋಡಿ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ತಮ್ಮ ಕ್ರಮದಂತೆ ಪರೀಕ್ಷಿಸಲು ಕೂತರು. ಟ್ಯಾಬ್ಲೆಟ್ ತಲೆಕೆಳಗು ಮಾಡಿದರೆ ಅದು ಮತ್ತೆ ನೆಟ್ಟಗೆ ತಿರುಗಿತು. ಇನ್ನೊಮ್ಮೆ ಮಾಡಿದರು, ಇನ್ನೊಮ್ಮೆ ತಿರುಗಿತು. "ಹಾಳಾದ್ದು, ನನಗೇ ತಿರುಗಿ ಬೀಳತ್ತೆ!" ಎಂದು ಅವರು ಬೈಯುತ್ತಿದ್ದರೆ ಪುಟ್ಟಿ ನೆಲದ ಮೇಲೆ ಉರುಳಿ ನಗುತ್ತಿದ್ದಳು. ಆಮೇಲೆ ಅದೇನೋ ಒತ್ತಿ, ಪರದೆ ತಿರುಗದಂತೆ ಮಾಡಿಕೊಟ್ಟಳು. ಭಾವ ಪುಸ್ತಕವಿಡೀ ತಲೆಕೆಳಗಾಗಿ ನೋಡಿದರು. ಎಲ್ಲೂ ತೂತಿಲ್ಲ, ಎಲ್ಲೂ ಮುದ್ದೆಯಿಲ್ಲ. "ಕಾಗದಕ್ಕಿಂತ ಹದವಾಗಿದೆ ಕಣೇ" ಎಂದು ನನಗೆ ಫೋನ್ ಮಾಡಿ ಹೇಳಿದರು. ದನಿಯಲ್ಲಿ ಮಗುವಿನ ಖುಷಿ. ಮ್ಯಾನೇಜರ್ ಬೆನ್ನು ತಟ್ಟಿದ. ಪುಸ್ತಕ ಹೊರಬಿತ್ತು.

ಕಾಲೇಜು ತೆರೆದ ಹೊಸದರಲ್ಲಿ ಒಂದು ಮಧ್ಯಾಹ್ನ ಪುಟ್ಟಿ ಪ್ರೆಸ್ಸಿಗೆ ಬಂದಳು. ಮೇಲೆ ಹೋಗದೆ ನನ್ನ ಬಾಗಿಲಲ್ಲೇ ನಿಂತಳು. ಮುಖ ಬಿಳುಚಿಕೊಂಡಿತ್ತು.

"ಚಿಕ್ಕಮ್ಮ, ಅಪ್ಪಂಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ತರಗತಿಯಲ್ಲಿ ಮೇಷ್ಟ್ರು ಮೇಡಂ ಪುಸ್ತಕವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದರಂತೆ. ಛೇದ ಸೊನ್ನೆಗೆ ಸಮವಾಗಿದ್ದಾಗ ಮಾತ್ರ ಭಾಗಿಸಬಹುದು ಎಂದಿತ್ತಂತೆ. ಸೊನ್ನೆಯಿಂದ ಭಾಗಿಸಬಾರದೆಂದು ಸಣ್ಣ ಮಕ್ಕಳಿಗೂ ಗೊತ್ತು. ಮೇಷ್ಟ್ರು ಮುಂದಕ್ಕೆ ಸರಿಸಿದರೆ ಮುಂದೆಯೂ ಹಾಗೇ. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ಹಿಂದಿನ ದಿನವಷ್ಟೇ ಈ ಹುಡುಗಿ ಪಕ್ಕದವರಿಗೆಲ್ಲ, ಇದು ನಮ್ಮಪ್ಪ ಮಾಡಿದ ಪುಸ್ತಕ ಎಂದು ಹೇಳಿಕೊಂಡು ಬಂದಿದ್ದಳು.

ನಾನು ಅಚ್ಚಿನ ಪುಸ್ತಕ ತೆಗೆದು ಅವಳ ಫೋನಿನ ಪಕ್ಕ ಇಟ್ಟೆ. ಓರೆಗೆರೆ ಒಂದೂ ಇರಲಿಲ್ಲ. ಕಾಗದದಲ್ಲಿ ಎಲ್ಲೆಲ್ಲಿ 'ಸಮವಲ್ಲ' ಎಂದಿತ್ತೋ, ಇ-ಬುಕ್ಕಿನಲ್ಲಿ ಅಲ್ಲೆಲ್ಲ ಬೋಳು ಸಮ ಚಿಹ್ನೆ. ಪುಸ್ತಕ ಮೊದಲಿನಿಂದ ಕೊನೆಯವರೆಗೆ ಉಲ್ಟಾ ಹೇಳುತ್ತಿತ್ತು.

ಮೇಲೆ ಹೋಗಿ ಹೇಳಿದೆ. ಭಾವ ಆ ದೂರಿನ ಕಡತ ತೆರೆದು ಕೆಳಗೆ ಇಳಿಸುತ್ತಾ ಹೋದರು. ಕೂದಲೆಳೆಗಳ ಮಧ್ಯೆ, ಮೂಲೆ ಮೂಲೆಯಲ್ಲಿ, ಅದೇ ಸಾಲು ಮತ್ತೆ ಮತ್ತೆ ಬಂತು: 'ಪುಟ್ಟಿ: ಗೊತ್ತಿಲ್ಲ, ಬಿಡಲಾಗಿದೆ.' ಅವರು ಅಷ್ಟು ಮುದ್ದಿನಿಂದ ಮಾಡಿದ ಆಜ್ಞೆ ಆ ಯಂತ್ರಕ್ಕೆ ಯಾರೋ ದಾರಿಹೋಕರು. ಗೆರೆ ಎಸೆದು, ಕೆಳಗಿದ್ದ ಸಮ ಚಿಹ್ನೆಯನ್ನು ಹಾಗೇ ಬಿಟ್ಟಿತ್ತು. ಲೇಟೆಕ್ ಕೊಡುವ ಮೋಟು ಗೆರೆಯನ್ನೇ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ತಲೆಕೆಳಗು ನೋಡಿದವರಿಗೆ ಸಮ ಚಿಹ್ನೆ ಸಮ ಚಿಹ್ನೆಯ ಹಾಗೇ ಕಂಡಿದೆ, ಚೊಕ್ಕವಾಗಿ. ಪುಟ್ಟಿ ಹಿಂದೆ ನಿಂತು ಎಲ್ಲ ಓದುತ್ತಿದ್ದಳು.

"ಒಂದು ಸಾಲು ಸಾರ್" ಎಂದರು ಭಾವ, ಮ್ಯಾನೇಜರ್ ಎದುರು. "ಪುಟ್ಟಿ ಅಂದ್ರೆ ಏನು ಅಂತ ಅದಕ್ಕೆ ಒಂದು ಸಾಲಲ್ಲಿ ಹೇಳಿದ್ರೆ ಎಲ್ಲ ಸರಿಹೋಗತ್ತೆ. ಈಗಲೇ ಮಾಡ್ತೀನಿ."

"ಏನೂ ಮಾಡಬೇಡಿ ನೀವು! ಸ್ವಂತ ಗೆರೆ ಎಳೀರಿ ಅಂತ ನಿಮಗೆ ಯಾರ್ರೀ ಹೇಳಿದ್ದು? ಪ್ರೆಸ್ಸಿನ ಮಾನ ಬೀದಿಗೆ ಬಂತು."

ನನಗೆ ಪಿತ್ತ ನೆತ್ತಿಗೇರಿತು. "ಓದೋದು ಬೇಡ ಅಂದವರು ಯಾರು ಸಾರ್? ನಾನು ಓದಿದ್ದಿದ್ರೆ ಮೊದಲನೇ ಅಧ್ಯಾಯದಲ್ಲೇ ಸಿಗ್ತಿತ್ತು."

"ನಿಮ್ಮ ಭಾವ ಅಂತ ನೀವು ಬಾಯಿ ಹಾಕಬೇಡಿ. ನಿಮಗೂ ಮನೇಲಿರೋ ಆಸೆ ಇದೆಯಾ?"

ಭಾವ ನನ್ನ ಕೈ ಹಿಡಿದು ಹೊರಗೆ ಕರೆತಂದರು. ಮೆಟ್ಟಿಲ ಮೇಲೆ "ಸುಮ್ನಿರು, ತಪ್ಪು ನಂದೇ" ಅಂದರು. ಅದು ಇನ್ನೂ ಉರಿಸಿತು ನನ್ನನ್ನು. ತಪ್ಪು ಅವರದೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವನ ತಪ್ಪು ಎಲ್ಲಿ ಹೋಯಿತು? ಅವನು ಈಗಲೂ ಅದೇ ಕುರ್ಚಿಯಲ್ಲಿ ತಿರುಗುತ್ತಿದ್ದಾನೆ.

ಪುಸ್ತಕ ಹೊರಗಿನ ಕಂಪನಿಗೆ ಹೋಯಿತು, ಭಾವ ಮನೆಗೆ ಬಂದರು. ಮೇಡಂಗೆ ಎಷ್ಟೋ ಸಲ ಫೋನ್ ಮಾಡಿದರು, ಆಕೆ ಎತ್ತಲಿಲ್ಲ. ಅಷ್ಟು ವರ್ಷ ನಿಮ್ಮ ಕಣ್ಣು ನಿಮ್ಮ ಕಣ್ಣು ಎಂದು ಹೊಗಳಿದ ಹೆಂಗಸಿಗೆ ಒಂದು ಮಾತು ಬೈಯಲೂ ಬಿಡುವಿಲ್ಲದೆ ಹೋಯಿತು. ಬೈದಿದ್ದರೆ ಭಾವನಿಗೆ ಸಮಾಧಾನವಾದರೂ ಆಗುತ್ತಿತ್ತು.

ಮೊನ್ನೆ ಭಾನುವಾರ ನಾನು ಹೋದಾಗ ತಿದ್ದಿದ ಇ-ಬುಕ್ ಬಂದಿತ್ತು. ಪುಟ್ಟಿ ಟ್ಯಾಬ್ಲೆಟ್ ತಂದು, ಮೊದಲಿಗೆ ಹೋಗದೆ ಪುಸ್ತಕದ ನಡುಭಾಗವನ್ನೇ ತೆರೆದು ಅಪ್ಪನ ಮುಂದಿಟ್ಟಳು. ಓರೆಗೆರೆಗಳೆಲ್ಲ ವಾಪಸ್ ಬಂದಿದ್ದವು.

"ಮೋಟು" ಎಂದರು ಭಾವ. "ನೋಡು, ಅದೇ ಮೋಟು ಗೆರೆ." ಅಳಬೇಕೋ ತಲೆಗೊಂದು ಮೊಟಕಬೇಕೋ ನನಗೆ ತಿಳಿಯಲಿಲ್ಲ.

ಆಮೇಲೆ ಬೆರಳಿನಿಂದ ಹಿಂದಕ್ಕೆ ಎಳೆಯುತ್ತಾ ಹೋದರು.

"ಅಪ್ಪಾ, ಮುಂದೆ ನೋಡು. ಅಲ್ಲೇನಿಲ್ಲ" ಎಂದಳು ಪುಟ್ಟಿ. ಅವಳ ದನಿಯಲ್ಲೇ ನನಗೆ ಗೊತ್ತಾಯಿತು.

ಮುನ್ನುಡಿ ಬಂತು. ಭಾವ ಟ್ಯಾಬ್ಲೆಟ್ಟನ್ನು ನೆಟ್ಟಗೆ ಹಿಡಿದು, ತುಟಿ ಅಲ್ಲಾಡಿಸುತ್ತಾ ಓದಿದರು. ಅವರು ಏನನ್ನಾದರೂ ಹಾಗೆ ಓದಿದ್ದನ್ನು ನಾನು ಕಂಡದ್ದೇ ಇಲ್ಲ. ಕೊನೆಗೆ ಬಂದು, ಮತ್ತೆ ಮೇಲೆ ಹೋಗಿ, ಮತ್ತೆ ಓದಿದರು.

"ಪುಟವೇ ಇಲ್ಲದ ಪುಸ್ತಕದಲ್ಲಿ ಪುಟಗಳ ಅಂದ ಅಂತಿದ್ರೆ ಓದೋರು ನಗ್ತಾರಂತೆ" ಎಂದಳು ಪುಟ್ಟಿ, ನೆಲ ನೋಡುತ್ತಾ. "ಮೇಡಂ ನಮ್ಮ ಮೇಷ್ಟ್ರ ಹತ್ರ ಹೇಳಿದ್ರಂತೆ."

ಒಳಗೆ ಅಕ್ಕ ನಲ್ಲಿ ನಿಲ್ಲಿಸಿದಳು. ಭಾವ ಟ್ಯಾಬ್ಲೆಟ್ಟನ್ನು ನಿಧಾನವಾಗಿ ತಲೆಕೆಳಗು ಮಾಡಿ ಮೇಜಿನ ಮೇಲೆ ಇಟ್ಟರು. ಪುಟ್ಟಿ ಅಂದು ಒತ್ತಿದ್ದು ಹಾಗೇ ಇತ್ತು, ಪರದೆ ತಿರುಗಲಿಲ್ಲ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಕಾಗದದಲ್ಲಾಗಿದ್ರೆ ಒಂದು ಸಾಲು ತೆಗೆದ್ರೆ ಪುಟವೆಲ್ಲ ಅಲ್ಲಾಡಿಬಿಡ್ತಿತ್ತು" ಎಂದರು. "ಇಲ್ಲಿ ನೋಡು, ಒಂದು ತೂತೂ ಬಿದ್ದಿಲ್ಲ."

ಎದುರಿಗೆ ಕೂತಿದ್ದ ನನಗೆ ಅದು ನೆಟ್ಟಗೆ ಕಾಣುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ಓದಿದೆ. ಅವರ ಹೆಸರು ಎಲ್ಲೂ ಇರಲಿಲ್ಲ.