ಕಳಸಕ್ಕಿಂತ ಎತ್ತರದ ಆಂಟೆನಾ

ಮೊನ್ನೆ ಮೊಳಕಾಲ್ಮೂರಿನಲ್ಲಿ ನಮ್ಮಕ್ಕನ ಮನೆಯ ಅಡುಗೆಕೋಣೆಯಲ್ಲಿ ಕೂತಿದ್ದೆ. ನನ್ನ ಮೊಬೈಲ್ ಹೊಡೆದುಕೊಂಡಿತು. ಗಾಬರಿಯಾಯಿತು. ಫೋನ್ ಬಂದಿದ್ದಕ್ಕಲ್ಲ, ಅಲ್ಲಿ ಬಂದಿದ್ದಕ್ಕೆ. ಆ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಬಸ್ ಸ್ಟ್ಯಾಂಡ್ ತನಕ ನಡೆಯಬೇಕಿತ್ತು. (ನಡೆದು, ಅಲ್ಲಿ ಒಂದು ಕಿವಿ ಮುಚ್ಚಿಕೊಂಡು ಕಿರುಚಬೇಕಿತ್ತು.)

"ಎಲ್ಲಿಂದ ಬಂತಕ್ಕಾ ಸಿಗ್ನಲ್ಲು?"

ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಗದ್ದದಿಂದಲೇ ಹಿತ್ತಿಲ ಕಡೆ ತೋರಿಸಿ, "ಹೋಗಿ ನೋಡು" ಅಂದಳು.

ಹೋಗಿ ನೋಡಿದೆ. ಊರದೇವತೆ ಅಮ್ಮನ ಗುಡಿಗೆ ಹೊಂದಿಕೊಂಡಂತೆ, ಯಜಮಾನ ರುದ್ರಪ್ಪನವರ ಹಿತ್ತಿಲಿನಲ್ಲಿ, ಕೆಂಪು ಬಿಳಿ ಬಣ್ಣದ ಮೊಬೈಲ್ ಟವರ್. ಗುಡಿಯ ಕಳಸ ಅದರ ಮೊಣಕಾಲಿಗೂ ಬರುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಿಗ್ನಲ್ ಫುಲ್ ಇದ್ದರೂ ಆ ಫೋನನ್ನು ನಾನು ಎತ್ತಲಿಲ್ಲ.

ಟವರ್ ನೋಡಿ ಯಾರಾದರೂ ಉರಿದುಕೊಳ್ಳುತ್ತಾರಾ ಅಂತೀರಾ? ಉರಿದುಕೊಳ್ಳುತ್ತಾರೆ. ಅದಕ್ಕೆ ಮೊಬೈಲ್ ಬದಿಗಿಟ್ಟು ಆಂಟೆನಾ ಕಾಲಕ್ಕೆ ಹೋಗಬೇಕು.

ನಮ್ಮಕ್ಕ ಗೌರಮ್ಮ ರೇಷ್ಮೆ ಸೀರೆ ನೇಯುವವಳು. ನಾನು ಚಳ್ಳಕೆರೆಗೆ ಮದುವೆಯಾಗಿ ಬಂದು ಶೇಂಗಾ ಎಣ್ಣೆ ವ್ಯಾಪಾರದವರ ಸೊಸೆಯಾದೆ, ಅವಳು ಮೊಳಕಾಲ್ಮೂರಲ್ಲೇ, ನೆಲದ ಕುಣಿಗೆ ಕಾಲಿಳಿಬಿಟ್ಟು ನೇಯುವ ಅದೇ ಕುಣಿಮಗ್ಗದಲ್ಲಿ ಉಳಿದಳು. ಒಂದು ವರ್ಷ ಪರಶುರಾಂಪುರದ ಕಡೆ ನೆಂಟರ ಹೊಲಕ್ಕೆ ಹೋದವಳು ಶೇಂಗಾ ಹೂ ನೋಡಿಕೊಂಡು ಬಂದಳು. ಎಲೆ ಮರೆಯಲ್ಲಿ ಅರಳುವ ಆ ಪುಟ್ಟ ಹಳದಿ ಹೂವನ್ನು ಯಾರಾದರೂ ಕಣ್ಣಿಟ್ಟು ನೋಡುತ್ತಾರಾ? ಇವಳು ನೋಡಿದಳು. ಗ್ರಾಫ್ ಹಾಳೆಯ ಮೇಲೆ ಮನೆ ಮನೆ ತುಂಬಿ ಬರೆದಳು. ಸೀರೆಯ ಒಡಲಿಗೆ ಅದನ್ನೇ ಬುಟ್ಟಾ ಮಾಡಿ ನೇಯ್ದಳು.

ಸೀರೆ ಹೋಗುವುದು ಯಜಮಾನ ರುದ್ರಪ್ಪನವರ ಅಂಗಡಿಗೆ. ರೇಷ್ಮೆ ಕೊಡುವವರೂ ಅವರೇ, ಸೀರೆ ಕೊಳ್ಳುವವರೂ ಅವರೇ, ಅಮ್ಮನ ಗುಡಿಯ ಕಮಿಟಿಗೆ ಹಿರಿಯರೂ ಅವರೇ. ಆ ಬುಟ್ಟಾ ಎಲ್ಲರ ಬಾಯಲ್ಲೂ ಓಡಾಡಿತು. ದೊಡ್ಡ ದೊಡ್ಡ ಮದುವೆಗಳಿಗೆ ಅದೇ ಬೇಕು ಅಂದರು. ಯಜಮಾನರು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇನು? "ಇದು ನಮ್ಮ ತಾತನ ಕಾಲದ್ದು. ನಮ್ಮ ಮನೆತನದ ಬುಟ್ಟಾ."

ಬೀದಿಯವರೂ ನಂಬಿದರು. ಹೆಂಗಸು ಹೊಸ ಬುಟ್ಟಾ ಕಟ್ಟಿದಳು ಅನ್ನುವುದಕ್ಕಿಂತ ಸತ್ತ ತಾತ ಕಟ್ಟಿದ ಅನ್ನುವುದು ನಮ್ಮ ಜನಕ್ಕೆ ಸಲೀಸು.

ಅಷ್ಟರಲ್ಲಿ ಬೆಂಗಳೂರಿನಿಂದ ಟಿ.ವಿ.ಯವರು ಬಂದರು. ಮೊಳಕಾಲ್ಮೂರು ಸೀರೆಯ ಬಗ್ಗೆ ಕಾರ್ಯಕ್ರಮವಂತೆ. ಯಜಮಾನರೇ ಮುಂದೆ ನಿಂತು ಮನೆ ಮನೆ ತೋರಿಸಿದರು. ಅಕ್ಕನ ಮಗ್ಗದ ಮುಂದೆ ಕ್ಯಾಮೆರಾ ಇಟ್ಟಾಗ ಮೈಕ್ ಹಿಡಿದ ಹುಡುಗಿ, "ಈ ಡಿಸೈನ್ ತುಂಬಾ ಚೆನ್ನಾಗಿದೆಯಲ್ಲ, ಯಾರದು?" ಎಂದು ಕೇಳಿದಳು. ಅಕ್ಕ ಹಿಂದೆ ಮುಂದೆ ನೋಡಲಿಲ್ಲ.

"ನಂದು ರೀ. ಹೊಲದಾಗೆ ಶೇಂಗಾ ಹೂ ನೋಡಿ ನಾನೇ ಬರ್ಕೊಂಡೆ."

ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. (ಅವರು ಏನೂ ಅನ್ನದಿದ್ದಾಗಲೇ ಹೆದರಬೇಕು ಎಂದು ನಮಗೆ ಆಮೇಲೆ ಗೊತ್ತಾಯಿತು.)

ಕಾರ್ಯಕ್ರಮ ಮುಂದಿನ ತಿಂಗಳ ಒಂದು ಭಾನುವಾರ ಸಂಜೆಗೆ ಎಂದು ತಿಳಿಯಿತು. ಅಕ್ಕನಿಗೆ ಒಂದೇ ಹಟ. ತನ್ನ ಮುಖ ನೋಡಿಕೊಳ್ಳುವ ಆಸೆಯಲ್ಲ ಅದು. ಬೀದಿ ಬೀದಿಯೇ ಕೂತು, ಈ ಬುಟ್ಟಾ ಗೌರಕ್ಕಂದು ಅಂತ ಟಿ.ವಿ. ಬಾಯಲ್ಲಿ ಕೇಳಬೇಕು. ಟಿ.ವಿ. ಹೇಳಿದ ಮೇಲೆ ಇಲ್ಲ ಅನ್ನುವವರು ಯಾರು?

ಆದರೆ ನೋಡುವುದು ಹೇಗೆ? ಆ ಬೀದಿಯಲ್ಲಿ ಇದ್ದ ಆಂಟೆನಾಗಳೆಲ್ಲ ಆಂಧ್ರದ ಕಡೆ ಮುಖ ಮಾಡಿ ನಿಂತಿದ್ದವು. ಆ ಕಡೆ ಬಯಲು, ತೆಲುಗು ಸ್ಟೇಷನ್ ತಾನಾಗಿಯೇ ಬಂದು ಬೀಳುತ್ತಿತ್ತು. ಎಲ್ಲರಿಗೂ ಎರಡೂ ಭಾಷೆ ಬರುತ್ತದೆ, ಹಾಗಾಗಿ ಯಾರಿಗೂ ಕೊರತೆ ಅನ್ನಿಸಿರಲಿಲ್ಲ. ಕನ್ನಡ ಬರುವ ಕಡೆ ಗುಡ್ಡ ಅಡ್ಡ. ಕೇಬಲ್ ಇನ್ನೂ ಆ ಕಡೆ ಸುಳಿದಿರಲಿಲ್ಲ.

ಸರಿ, ಅಕ್ಕ ಮತ್ತು ಭಾವ ತಿಪ್ಪೇಸ್ವಾಮಿ ಬಸ್ ಹತ್ತಿ ಚಳ್ಳಕೆರೆಗೆ ಬಂದರು. ನಾನೂ ಜೊತೆಗೂಡಿದೆ. ಪೇಟೆಯಲ್ಲಿ ಖಾದರ್ ಸಾಬರ ಅಂಗಡಿ. ಆಗೆಲ್ಲ ಆಂಟೆನಾ ಕೊಳ್ಳುವುದೆಂದರೆ ಹೆಣ್ಣಿಗೆ ಗಂಡು ನೋಡಿದಷ್ಟೇ ವಿಚಾರಣೆ. ಯಾವ ಊರು, ಯಾವ ದಿಕ್ಕು, ಎಷ್ಟು ದೂರ, ನಡುವೆ ಏನಿದೆ, ಪಕ್ಕದ ಮನೆಯವರದ್ದು ಯಾವುದು.

"ಮೊಳಕಾಲ್ಮೂರಾಗೆ ಕನ್ನಡಾನಾ? ಮುಷ್ಕಿಲ್ ಐತೆ ಅಮ್ಮಾ" ಅಂದರು ಸಾಬರು. "ಆಂಧ್ರ ಅನ್ರಿ, ಛತ್ರಿ ಕಡ್ಡೀಗೂ ಹಿಡಿಸಿ ಕೊಡ್ತೀನಿ."

ಭಾವನ ಕಣ್ಣು ಮೇಲೆ ನೇತುಹಾಕಿದ್ದ ಅಗಲದ ಆಂಟೆನಾ ಮೇಲೆ. ಎರಡೂ ಕಡೆ ರೆಕ್ಕೆ, ಫಳಫಳ ಹೊಳಪು. "ಇದು ಚಂದ ಐತಲ್ಲ, ಮನೆ ಮ್ಯಾಲೆ ಕಾಣ್ತೈತೆ" ಅಂದ.

"ಅದು ಕಾಣೋದು ಬೇಡ, ಅದಕ್ಕೆ ಕಾಣ್ಬೇಕು" ಎಂದು ಅಕ್ಕ ರೇಗಿದಳು. "ಸಾಬ್ರೇ, ದೂರದ್ದು ಹಿಡಿಯೋದು ಯಾವ್ದು?"

ಸಾಬರು ಅಟ್ಟದಿಂದ ಉದ್ದದ ಒಂದನ್ನು ಇಳಿಸಿದರು. ಮೈತುಂಬ ಕಡ್ಡಿ. "ಲಂಬಾ ವಾಲಾ. ದೂರದ್ದು ಎಳೀತೈತೆ. ಆದ್ರೆ ಒಂದೇ ದಿಕ್ಕು, ಮೂತಿ ಚೂರು ತಿರುಗಿದ್ರೆ ಖಲಾಸ್. ಜೊತೆಗೆ ಬೂಸ್ಟರ್ ಬೇಕು. ಮತ್ತೆ ಎತ್ತರ ಬೇಕು ನೋಡ್ರಿ. ಗುಡ್ಡದ ತಲೆ ಮ್ಯಾಲಿಂದ ಇಣುಕಬೇಕು. ಪೈಪ್ ಗಿಡ್ಡ ಇದ್ರೆ ಚಿನ್ನದ ಆಂಟೆನಾ ತಂದ್ರೂ ವೇಸ್ಟು."

ಅಕ್ಕ ಕಡ್ಡಿಗಳ ಮೇಲೆ ಬೆರಳಾಡಿಸಿಕೊಂಡು ಹೋದಳು. ಒಂದರ ಹತ್ತಿರ ನಿಂತಳು. "ಇದು ಸೊಟ್ಟ ಐತೆ. ಬೇರೆ ಕೊಡ್ರಿ." ಸಾಬರು ನಕ್ಕು ಬೇರೆ ಕೊಟ್ಟರು. ಬಸ್ಸಿನ ಟಾಪಿನ ಮೇಲೆ ಆಂಟೆನಾ, ಕಬ್ಬಿಣದ ಪೈಪುಗಳನ್ನು ಕಟ್ಟಿ ಕಳಿಸಿದಾಗ ಅಕ್ಕ ಕಿಟಕಿಯಿಂದ ಕತ್ತು ಹೊರಹಾಕಿ ಮೇಲೆ ನೋಡುತ್ತಲೇ ಇದ್ದಳು. ಅವಳ ಮದುವೆಯ ದಿನವೂ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಕಾಣೆ.

ಮುಂದಿನದು ಅವಳೇ ಹೇಳಿದ್ದು.

ಶನಿವಾರ ಪೈಪಿಗೆ ಪೈಪು ಜೋಡಿಸಿ ನಿಲ್ಲಿಸಿದರು. ಭಾವ ಮಾಳಿಗೆಯ ಮೇಲೆ ತಿರುಗಿಸುವುದು, ಅಕ್ಕ ಕೆಳಗಿನಿಂದ "ಇನ್ನೂ ಚೂರು, ಇನ್ನೂ ಚೂರು, ಹಾಂ, ಬಿಡಬ್ಯಾಡ!" ಎಂದು ಕೂಗುವುದು. ಕಡೆಗೂ ಬಂತು. ಚುಕ್ಕಿ ಚುಕ್ಕಿ ನಡುವೆ ಕನ್ನಡದ ವಾರ್ತೆ. ಬೀದಿಗೆಲ್ಲ ಸುದ್ದಿ. "ಗೌರಕ್ಕಾ, ಟೀವೀಲೋ ವಸ್ತಾವಂಟ ಗದಾ!" ಎಂದು ಎದುರು ಮನೆಯವಳು ಬಂದು ಗಲ್ಲ ಹಿಂಡಿ ಹೋದಳು. ಟಿ.ವಿ.ಯಲ್ಲಿ ಬರ್ತೀಯಂತಲ್ಲ ಅನ್ನುವುದರಲ್ಲೇ ಅವಳಿಗೆ ಅರ್ಧ ಸಂಭ್ರಮ, ಅರ್ಧ ಹೊಟ್ಟೆಕಿಚ್ಚು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಯಜಮಾನರು ಗುಡಿ ಕಮಿಟಿಯವರನ್ನು ಕಟ್ಟಿಕೊಂಡು ಬಂದರು.

"ಏನಲೇ ತಿಪ್ಪೇಸ್ವಾಮಿ, ನಿನ್ನ ಕಂಬ ಅಮ್ಮನ ಕಳಸಕ್ಕಿಂತ ಮೇಲಕ್ಕೆ ಹೋಗೈತೆ?"

ಗುಡಿಯ ಬೀದಿಯಲ್ಲಿ ಕಳಸಕ್ಕಿಂತ ಎತ್ತರ ಯಾವುದೂ ಏಳಬಾರದು ಎಂಬುದು ಹಳೆಯ ಕಟ್ಟಳೆ. ಮಾಳಿಗೆ ಮೇಲೆ ಮಾಳಿಗೆ ಕಟ್ಟದೆ ಬಾಳಿದ ಬೀದಿ ಅದು. ಆದರೆ ಆಂಟೆನಾ ಪೈಪಿಗೂ ಕಟ್ಟಳೆ ಹತ್ತುತ್ತದೆ ಎಂದು ಅವತ್ತೇ ಗೊತ್ತಾದದ್ದು.

"ಇವತ್ತೊಂದಿನ ಯಜಮಾನ್ರೇ, ನಾಳೆ ಬೆಳಿಗ್ಗೆ ಇಳಿಸಿಬಿಡ್ತೀನಿ" ಎಂದ ಭಾವ.

"ಒಂದಿನ ಅಂತ ಅಮ್ಮನ ತಲೆ ಮ್ಯಾಲೆ ಕಾಲಿಡ್ತೀಯೇನಲೇ?"

ಭಾವ ತಿರುಗಿ ಒಳಗಿನ ಮಗ್ಗದ ಕಡೆ ನೋಡಿದ. ಮಗ್ಗದ ಮೇಲಿದ್ದ ರೇಷ್ಮೆ ಯಾರದು? ಅವರದ್ದೇ. ಆಗ ಅಕ್ಕ ಮುಂದೆ ಬಂದಳು.

"ಹಂಗಾದ್ರೆ ಅಮ್ಮನ್ನೇ ಕೇಳಣ ಯಜಮಾನ್ರೇ. ಹೂ ಏರಿಸ್ರಿ. ಎಡಕ್ಕೆ ಬಿದ್ರೆ ನಾನೇ ಹತ್ತಿ ಕಂಬ ಇಳಿಸ್ತೀನಿ."

ಅಲ್ಲಿ ಏನೇ ಕಷ್ಟ ಬಂದರೂ ಅಮ್ಮನಿಗೆ ಹೂವೇರಿಸಿ ಕೇಳುತ್ತಾರೆ. ಬಲಗಡೆ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಹೆಣ್ಣು ಕೊಡುವುದಕ್ಕೆ ಕೇಳುತ್ತಾರೆ, ಬೋರ್‌ವೆಲ್ ಕೊರೆಸುವುದಕ್ಕೆ ಕೇಳುತ್ತಾರೆ, ಕಳೆದುಹೋದ ಎಮ್ಮೆಗೂ ಕೇಳುತ್ತಾರೆ.

"ಟೀವಿ ನೋಡಾಕೆಲ್ಲ ಅಮ್ಮನ್ನ ಕೇಳ್ತಾರೇನವ್ವಾ? ಅಮ್ಮ ಅಂದ್ರೆ ಮಕ್ಕಳಾಟ ಮಾಡ್ಕೊಂಡೀಯಾ?" ಎಂದರು ಯಜಮಾನರು. ಕಮಿಟಿಯವರು ತಲೆಯಾಡಿಸಿದರು.

ಹ್ಯಾಕ್ಸಾ ಬ್ಲೇಡ್ ತಂದು ಪೈಪು ಕೊಯ್ದವನು ಯಾರು ಗೊತ್ತಾ? ನಮ್ಮ ಭಾವನೇ. ಅಕ್ಕ ಕೆಳಗೆ ನಿಂತು ಆ ಸದ್ದು ಕೇಳಿದಳು. ಬಸ್ ಹಿಡಿದು ಚಳ್ಳಕೆರೆಗೆ ಬರೋಣವೆಂದರೆ ಕಾರ್ಯಕ್ರಮದ ಹೊತ್ತಿಗೆ ಮುಟ್ಟುವ ಬಸ್ಸಿಲ್ಲ. ಎಷ್ಟು ಲೆಕ್ಕ ಹಾಕಿ ಊಟದ ಹೊತ್ತಿಗೆ ಬಂದಿದ್ದರು ನೋಡಿ!

ಸಂಜೆ ಬೀದಿಯ ಹೆಂಗಸರೆಲ್ಲ ಬಂದು ಚಾಪೆ ಮೇಲೆ ಕೂತರು. ಪರದೆ ತುಂಬ ಚುಕ್ಕಿ, ಕೊರ್ ಎಂಬ ಸದ್ದು. ಸ್ವಲ್ಪ ಹೊತ್ತು ನೋಡಿ, ಯಾರೋ ಹಳೆಯ ಆಂಟೆನಾದ ವೈರು ಸಿಕ್ಕಿಸಿದರು. ತೆಲುಗು ಸಿನಿಮಾ ಬಂತು. ಬಂದವರು ಬಂದಿದ್ದಕ್ಕೆ ಅದನ್ನೇ ನೋಡಿಕೊಂಡು ಹೋದರು. ಅಕ್ಕ ಅವರಿಗೆಲ್ಲ ಟೀ ಮಾಡಿಕೊಟ್ಟು ಮಗ್ಗಕ್ಕೆ ಇಳಿದಳಂತೆ.

ಅದೇ ಹೊತ್ತಿಗೆ ಚಳ್ಳಕೆರೆಯ ನಮ್ಮ ಮನೆಯಲ್ಲಿ ನಾನು ಅವಳನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆ. ಮುಂದಿನ ವಾರ ಹೋದಾಗ ಅವಳು ಕೇಳಿದ್ದು ಇಷ್ಟೇ.

"ಬುಟ್ಟಾ ಮಾತು ಬಂತಾ?"

"ಬಂತಕ್ಕಾ."

"ಪೂರ್ತಿ?"

"ಪೂರ್ತಿ."

"ಬೆಂಗ್ಳೂರೋರೆಲ್ಲ ಕೇಳಿದ್ರು ಅನ್ನು. ನಮ್ಮ ಬೀದಿಯೋರು ಕೇಳ್ಲಿಲ್ಲ."

ನಾನು ಸುಮ್ಮನಿರಲಿಲ್ಲ, ಮನೆ ಮನೆಗೆ ಹೋಗಿ ಹೇಳಿದೆ. "ತಂಗಿ ಅಲ್ವಾ, ಹೇಳ್ದೆ ಬಿಡ್ತಾಳಾ" ಎಂದು ನಕ್ಕರು. ಟಿ.ವಿ.ಯವರು ಅದನ್ನು ಮತ್ತೆ ಹಾಕಲಿಲ್ಲ. ಬುಟ್ಟಾ ಇವತ್ತಿಗೂ ಯಜಮಾನರ ತಾತನದ್ದೇ. ಇಷ್ಟು ವರ್ಷ ಈ ಸಿಟ್ಟನ್ನು ನಾನು ನುಂಗಿಕೊಂಡಿದ್ದೆ. ಪಾಪ, ಹಳೆಯ ಮನುಷ್ಯ, ಭಕ್ತಿ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೂ ಉಂಟು.

ಈಗ ಈ ಟವರ್!

ಸುಮ್ಮನೆ ಬರಲಾಗಲಿಲ್ಲ. ಗುಡಿಕಟ್ಟೆಯ ಮೇಲೆ ಯಜಮಾನರು ಕೂತಿದ್ದರು. ಹಣ್ಣಾಗಿದ್ದಾರೆ, ದನಿ ಮಾತ್ರ ಹಾಗೇ ಇದೆ. ಕೇಳಿಯೇಬಿಟ್ಟೆ. "ಯಜಮಾನ್ರೇ, ಇದು ಕಳಸಕ್ಕಿಂತ ಎತ್ತರ ಐತಲ್ರೀ?"

ಅವರು ಒಂಚೂರೂ ತಡಬಡಾಯಿಸಲಿಲ್ಲ. "ಅಮ್ಮನ ಅಪ್ಪಣೆ ಆಗೈತವ್ವಾ. ಕಂಪನಿಯೋರು ಬಂದಾಗ ಹೂ ಏರಿಸಿ ಕೇಳಿದ್ವಿ. ಬಲಗಡೆ ಕೊಟ್ಲು ತಾಯಿ. ಊರಿಗೆಲ್ಲ ಒಳ್ಳೇದಲ್ವಾ?"

(ಬಾಡಿಗೆ ಯಾರಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಅಷ್ಟೂ ಗೊತ್ತಾಗದವಳಲ್ಲ.)

ಮನೆಗೆ ಬಂದು ಅಕ್ಕನ ಮುಂದೆ ಹಾರಾಡಿದೆ. ಕಂಪನಿಗೆ ಹೂ ಕೊಡುವ ಅಮ್ಮ ನಿನಗೆ ಕೊಡುತ್ತಿರಲಿಲ್ಲವಾ, ಅವತ್ತು ಒಂದು ಹೂ ಏರಿಸಿ ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಬಾಯಿಗೆ ಬಂದಂತೆ ಬೈದೆ. ಅಕ್ಕ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ದನಿ ಎತ್ತರಿಸಲೂ ಇಲ್ಲ.

"ಕೇಳಿದ್ರೆ ಕೊಡ್ತಿದ್ಲು ಕಣೇ ಅಮ್ಮ. ಅದಕ್ಕೇ ಅವ್ರು ಕೇಳ್ಲಿಲ್ಲ."