ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು

ಕರ್ನಾಟಕದ ಬಸ್ಸುಗಳಲ್ಲಿ ಓಡಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಂಡಕ್ಟರ್ ಒಂದು ಸಲ ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ, ಎರಡು ಸಲ ಊದಿದರೆ ಹೊರಡುತ್ತದೆ. ಸೀಟಿ ಇಲ್ಲದವರು "ಹೋಲ್ಡಾನ್" ಎಂದು ಕೂಗುತ್ತಾರೆ, "ರೈಟ್ ರೈಟ್" ಎಂದು ಬಸ್ಸಿನ ಮೈ ಬಡಿಯುತ್ತಾರೆ. ಮುಂದೊಂದು ದಿನ ಟೆಕ್ಸಾಸಿನಲ್ಲಿ ನಾನು ಡ್ರೈವರ್ ಆಗಿ, ಕಟ್ಟಿಕೊಂಡ ಗಂಡನೇ ಕಂಡಕ್ಟರ್ ಆಗಿ ಈ ವಿದ್ಯೆ ಉಪಯೋಗಕ್ಕೆ ಬರುತ್ತದೆ ಎಂದು ನಮ್ಮ ಜಾತಕ ನೋಡಿದವರು ಯಾರೂ ಹೇಳಿರಲಿಲ್ಲ.

ನಮ್ಮ ಬಸ್ಸು ಎಂದರೆ ಮೋಟರ್‌ಹೋಮ್. ಮುಂದೆ ಸ್ಟಿಯರಿಂಗ್, ನಡುವೆ ಅಡುಗೆಮನೆ, ಹಿಂದೆ ಹಾಸಿಗೆ, ಅಡುಗೆಮನೆಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ಬೀರುವಿನಷ್ಟು ಅಗಲದ ಬಚ್ಚಲು. ಅದಕ್ಕೆ ಮುಂಚೆ ನಾವು ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರದು ಸಾಫ್ಟ್‌ವೇರ್ ಕಾಂಟ್ರ್ಯಾಕ್ಟ್ ಕೆಲಸ. ಅವರ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ ಕಾಣಿಸಿಕೊಂಡ ವರ್ಷವೇ ಕಾಂಟ್ರ್ಯಾಕ್ಟೂ ಮುಗಿಯಿತು. ಕ್ಯಾನ್ಸರ್ ಹೌದು, ಆದರೆ ಬೇಗ ಸಿಕ್ಕಿದೆ, ಎಂದರು ಡಾಕ್ಟರು. ರೇಡಿಯೇಷನ್ ಆಗಬೇಕಾದದ್ದು ಹ್ಯೂಸ್ಟನ್ನಿನಲ್ಲಿ, ಅದೂ ವಾರಗಟ್ಟಲೆ, ದಿನಾ. ಬಾಡಿಗೆ ಕಟ್ಟಿದರೆ ಔಷಧಕ್ಕಿಲ್ಲ, ಔಷಧ ತಂದರೆ ಬಾಡಿಗೆಗಿಲ್ಲ ಎನ್ನುವ ಸ್ಥಿತಿಯಲ್ಲಿ ಅಲ್ಲಿ ಇನ್ನೊಂದು ಮನೆ ಮಾಡುವ ಮಾತೇ ಇರಲಿಲ್ಲ. ಪಕ್ಕದ ರಸ್ತೆಯ ಮುದುಕರೊಬ್ಬರು ತಮ್ಮ ಹಳೇ ಮೋಟರ್‌ಹೋಮನ್ನು ಮಾರಲಿಕ್ಕಿಟ್ಟಿದ್ದರು. ನಮ್ಮವರು ಹೋಗಿ ನೋಡಿಕೊಂಡು ಬಂದರು.

"ಮನೇನೇ ಆಸ್ಪತ್ರೆ ಹತ್ರ ತಗೊಂಡ್ ಹೋಗೋಣ ಕಣೇ" ಎಂದರು.

"ಓಡಿಸೋರು ಯಾರು?"

ನನ್ನ ಮುಖ ನೋಡಿ ನಕ್ಕರು. ನೋವಿನ ಮಾತ್ರೆ ನುಂಗುವವರು ಸ್ಟಿಯರಿಂಗ್ ಮುಟ್ಟಬಾರದು ಎಂದು ಡಾಕ್ಟರು ಆಗಲೇ ಹೇಳಿದ್ದರು. ನಾನು ಅದುವರೆಗೆ ಓಡಿಸಿದ್ದು ಒಂದು ಸಣ್ಣ ಕಾರು. ಇಂಡಿಯನ್ ಅಂಗಡಿಯ ಮುಂದೆ ಅದನ್ನು ನಿಲ್ಲಿಸಲಿಕ್ಕೂ ನನಗೆ ಎರಡು ಕಾರಿನ ಜಾಗ ಬೇಕಾಗುತ್ತಿತ್ತು. ಅಂಥವಳಿಗೆ ಇಷ್ಟುದ್ದದ ಬಸ್ಸು ಓಡಿಸಲು ಬೇರೆ ಲೈಸೆನ್ಸೇ ಬೇಡ ಎಂದದ್ದು ಟೆಕ್ಸಾಸಿನ ಧೈರ್ಯ. ಕಾರು ಮಾರಿದೆವು, ಸೋಫಾ ಮಾರಿದೆವು, ದೇವರ ಹೆಸರು ಹೇಳಿ ಹೊರಟೆವು.

ಕನ್ನಡ ಸಂಘದವರಿಗೆ ಸುದ್ದಿ ಅರ್ಧ ಮಾತ್ರ ಮುಟ್ಟಿತ್ತು. ಕಾಯಿಲೆಯ ಅರ್ಧ ಎಲ್ಲೋ ಉಳಿದು, ಬಸ್ಸಿನ ಅರ್ಧ ಹೋಗಿತ್ತು. "ಹೌ ನೈಸ್ ಆಂಟಿ! ಅಮೆರಿಕಾ ಪೂರ್ತಿ ಸುತ್ತುತಾ ಇದ್ದೀರಂತೆ! ನಮ್ದೂ ಅದೇ ಡ್ರೀಮು!" ಎಂದು ಒಬ್ಬಳು ಫೋನ್ ಮಾಡಿದಳು. ಆ ಗಳಿಗೆಯಲ್ಲಿ ನಾನು ರಬ್ಬರ್ ಗ್ಲೌಸ್ ತೊಟ್ಟು, ಕಕ್ಕಸಿನ ಟ್ಯಾಂಕಿಗೆ ಪೈಪು ಸಿಕ್ಕಿಸಿ ಖಾಲಿ ಮಾಡುತ್ತಿದ್ದೆ. "ಹೂಂ ಕಣಮ್ಮಾ, ಇಲ್ಲಿಂದ ಭಾರಿ ವ್ಯೂ ಇದೆ" ಎಂದೆ.

ಗಾದೆಗಳು ಎಷ್ಟು ನಿಜ ಎಂದು ತಿಳಿಯಬೇಕಾದರೆ ಮೋಟರ್‌ಹೋಮಿನಲ್ಲಿ ಸಂಸಾರ ಮಾಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮವರು ಉದ್ದ, ಹಾಸಿಗೆ ಗಿಡ್ಡ, ಪಾದಗಳೆರಡೂ ಸದಾ ಬಚ್ಚಲ ಬಾಗಿಲನ್ನು ಒದೆಯುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ನೆಲ ನಿಜವಾಗಿಯೂ ಡೊಂಕು. ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡದಿದ್ದರೆ ಕಾವಲಿಗೆ ಹುಯ್ದ ದೋಸೆಹಿಟ್ಟು ಒಂದೇ ಕಡೆಗೆ ಹರಿದು ಭಾರತದ ನಕಾಶೆಯಾಗುತ್ತಿತ್ತು. ಒಗ್ಗರಣೆಗೆ ಮೆಣಸಿನಕಾಯಿ ಬಿದ್ದ ತಕ್ಷಣ ಹೊಗೆಯ ಅಲಾರಂ ಬಾಯಿ ಬಡಿದುಕೊಳ್ಳುತ್ತಿತ್ತು. ಎಸಿಯನ್ನೂ ಮಿಕ್ಸಿಯನ್ನೂ ಒಟ್ಟಿಗೆ ಹಾಕಿದರೆ ಕರೆಂಟು ಹೋಗುತ್ತಿದ್ದರಿಂದ, ಆಗಸ್ಟ್ ತಿಂಗಳಿನಲ್ಲಿ ಚಟ್ನಿ ತಿನ್ನಬೇಕೆನ್ನುವವರು ಮೊದಲು ಬೆವರಬೇಕಾಗಿತ್ತು. ಒಂದು ತಿರುವಿನಲ್ಲಿ ಗಣಪತಿ ಕಪಾಟಿನಿಂದ ಜಾರಿ ಅಕ್ಕಿ ಡಬ್ಬಕ್ಕೆ ಬಿದ್ದ ಮೇಲೆ ದೇವರುಗಳಿಗೆಲ್ಲ ರಬ್ಬರ್ ಬ್ಯಾಂಡಿನ ಸೀಟ್ ಬೆಲ್ಟ್ ಹಾಕಿದೆ.

ಹ್ಯೂಸ್ಟನ್ನಿನಲ್ಲಿ ಮೊದಲು ಬಸ್ಸು ನಿಲ್ಲಿಸಿದ್ದು ಶುಗರ್ ಲ್ಯಾಂಡಿನಲ್ಲಿ, ಹುಬ್ಬಳ್ಳಿ ಕಡೆಯ ಸ್ನೇಹಿತರ ಮನೆಯ ಮುಂದೆ. ದೊಡ್ಡ ಮನೆ, ಅದಕ್ಕಿಂತ ದೊಡ್ಡ ಮನಸ್ಸು. "ಅಕ್ಕಾರ, ಆರಾಮ ಇರ್ರಿ. ನಮ್ಮ ಮನಿ, ನಮ್ಮ ಜಾಗಾ. ಯಾರ್ ಏನ್ ಅಂತಾರ ನೋಡೇಬಿಡೂಣು" ಎಂದರು ಮನೆಯಾಕೆ. ನಮ್ಮವರ ಗಂಟಲಿಗೆ ಇಳಿಯಲೆಂದು ಜೋಳದ ಅಂಬಲಿ ಕಾಯಿಸಿ ಕೊಟ್ಟರು. ಯಾರು ಏನು ಅಂತಾರೆ ಎನ್ನುವುದಕ್ಕೆ ಮರುದಿನವೇ ಉತ್ತರ ಬಂತು. ಮನೆಗಳ ಮುಂದೆ ಇಂಥ ಬಸ್ಸು ನಿಲ್ಲಿಸಬಾರದೆಂದು ಬಡಾವಣೆಯ ಸಂಘದವರು ಬಾಗಿಲಿಗೇ ನೋಟಿಸ್ ಅಂಟಿಸಿ ಹೋಗಿದ್ದರು. ಆಕೆ ಸಂಘದ ಅಧ್ಯಕ್ಷರ ಜೊತೆ ಫೋನಿನಲ್ಲಿ ಜಗಳಕ್ಕೆ ಬಿದ್ದರು. ಇಂಗ್ಲಿಷಿನಲ್ಲಿ ಶುರುವಾದ ಜಗಳ ಪೂರ್ತಿ ಹುಬ್ಬಳ್ಳಿಗೆ ತಲುಪುವಷ್ಟರಲ್ಲಿ ನಾನು ಬಸ್ಸು ಸ್ಟಾರ್ಟ್ ಮಾಡಿದ್ದೆ. ಆಸ್ಪತ್ರೆಗೆ ಅಷ್ಟೇನೂ ದೂರವಿಲ್ಲದ, ಇಂಥ ಬಸ್ಸುಗಳಿಗೆ ಜಾಗ ಬಾಡಿಗೆಗೆ ಕೊಡುವ ಒಂದು ಅಗ್ಗದ ಆರ್‌ವಿ ಪಾರ್ಕಿಗೆ ಹೋಗಿ ಸೇರಿಕೊಂಡೆವು.

ಇಲ್ಲಿ ನಮ್ಮವರ ಮಾತಿನ ಬಗ್ಗೆ ಹೇಳಬೇಕು. ಅವರು ಉಂಡದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಡಾಲಸ್ಸಿನಲ್ಲಿ ಕನ್ನಡದವರ ಯಾವ ಕಾರ್ಯಕ್ರಮವಾದರೂ ನಿರೂಪಣೆ ಇವರದೇ. "ಎರಡೇ ಮಾತು" ಎಂದು ಮೈಕು ಹಿಡಿದರೆಂದರೆ ಅಡುಗೆಯವರು ಸಾರನ್ನು ಮತ್ತೊಮ್ಮೆ ಬಿಸಿಗಿಡುತ್ತಿದ್ದರು. ದೊಡ್ಡ, ತುಂಬಿದ ದನಿ. ಕೊನೆಯ ಸಾಲಿನವರೆಗೆ ಮೈಕಿಲ್ಲದೆಯೇ ಕೇಳುತ್ತಿತ್ತು. "ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ" ಎಂದು ಮದುವೆಯಾದಾಗಿನಿಂದ ಹೇಳಿ ಹೇಳಿ ಸೋತಿದ್ದೆ. ಹ್ಯೂಸ್ಟನ್ನಿನ ಡಾಕ್ಟರು ಒಂದೇ ಸಲಕ್ಕೆ ಮುಚ್ಚಿಸಿದರು. ಚಿಕಿತ್ಸೆ ಮುಗಿದು ಅವರು ಹೇಳುವವರೆಗೆ ಮಾತು ಬೇಡ. ಪಿಸುಮಾತಂತೂ ಬೇಡವೇ ಬೇಡ, ಅದು ಗಂಟಲಿಗೆ ಇನ್ನೂ ಕೆಟ್ಟದ್ದು. ಆಮೇಲೆ ದನಿ ಬರುತ್ತದೆ, ಆದರೆ ಮೊದಲಿನ ಹಾಗೆಯೇ ಬರುತ್ತದೆ ಎಂದು ಮಾತು ಕೊಡಲಾರೆ, ಎಂದರು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾ ಮೊದಲ ವಾರ ನಾನು ಖುಷಿಯಾಗಿಯೇ ಇದ್ದೆ. ಎರಡನೆಯ ವಾರದಿಂದ ಅಷ್ಟು ಬಂಗಾರ ಹೊರುವುದು ಕಷ್ಟವಾಯಿತು. ಆಗ ನಮ್ಮವರು ಫೋನಿನಲ್ಲಿ ಒಂದು ಉಪಾಯ ಕಂಡುಹಿಡಿದರು. ಕನ್ನಡದಲ್ಲಿ ಟೈಪ್ ಮಾಡಿದರೆ ಅದು ಗಟ್ಟಿಯಾಗಿ ಓದುತ್ತಿತ್ತು, ಅದೂ ಹೆಂಗಸಿನ ದನಿಯಲ್ಲಿ. ವಾರ್ತೆ ಓದುವವಳ ಹಾಗೆ, ಒಂದಿಷ್ಟೂ ಸಿಟ್ಟಿಲ್ಲದೆ, "ಸಾರಿಗೆ ಉಪ್ಪು ಕಡಿಮೆ" ಎಂದು ಅವಳು ನನಗೆ ಹೇಳುವಳು. "ನಿನ್ನ ಅಣ್ಣ ಒಬ್ಬ ಅಯೋಗ್ಯ" ಎನ್ನುವುದನ್ನೂ ಹವಾಮಾನ ವರದಿಯಷ್ಟೇ ತಣ್ಣಗೆ ಓದುವಳು. ಇಷ್ಟು ವಯಸ್ಸಾದ ಮೇಲೆ ಮನೆಗೆ ಸವತಿ ಬಂದಳು ಎಂದುಕೊಂಡೆ. ಅಷ್ಟು ಚಿಕ್ಕ ಮನೆಯಲ್ಲಿ ಅವಳಿಗೂ ಜಾಗ ಮಾಡಿಕೊಟ್ಟೆ.

ಆದರೆ ರಿವರ್ಸಿಗೆ ಸವತಿ ಪ್ರಯೋಜನವಿಲ್ಲ. ಕಾರು ಮಾರಿದ್ದರಿಂದ ದಿನಾ ಆಸ್ಪತ್ರೆಗೆ ಬಸ್ಸಿನಲ್ಲೇ ಹೋಗಿ, ವಾಪಸು ಬಂದು ನಮ್ಮ ಕಿರಿದಾದ ಜಾಗಕ್ಕೆ ಹಿಂದು ಹಿಂದಾಗಿ ನುಗ್ಗಿಸಬೇಕಾಗಿತ್ತು. ಹಿಂಬದಿಯ ಕ್ಯಾಮೆರಾ ನಾವು ಕೊಳ್ಳುವುದಕ್ಕೆ ಮೊದಲೇ ಕಣ್ಣು ಮುಚ್ಚಿತ್ತು. ನಮ್ಮವರು ಕೆಳಗಿಳಿದು ನೋಡಿ, ಟೈಪ್ ಮಾಡಿ, "ನಿಲ್ಲಿಸು. ಹಿಂದೆ ಕುರ್ಚಿ ಇದೆ" ಎಂದು ಸವತಿ ಸ್ಪಷ್ಟವಾಗಿ ಉಚ್ಚರಿಸುವಷ್ಟರಲ್ಲಿ ಪಕ್ಕದವರ ಕುರ್ಚಿ ಹಪ್ಪಳವಾಗಿತ್ತು. ಪಕ್ಕದವರು ಒಬ್ಬ ಟೆಕ್ಸಾಸಿನ ಮುದುಕ. ಒಂದು ನಾಯಿ, ಒಂದು ಕುರ್ಚಿ ಅವನ ಸಂಸಾರ. ಅವನು ಪಾಪ, ಆ ದಿನ ನಾಯಿಯನ್ನು ಒಳಗೆ ಕಟ್ಟಿಹಾಕಿದ, ಅಷ್ಟೇ.

ಆ ಸಂಜೆಯೇ ನಮ್ಮವರು ಅಗ್ಗದ ಅಂಗಡಿಯಿಂದ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಸೀಟಿ ತಂದರು. ಕಾಯಿದೆ ಹೇಳಬೇಕಾಗಲಿಲ್ಲ. ಎರಡು ಸಲ ಊದಿದರು, ನಾನು ರಿವರ್ಸ್ ಹಾಕಿದೆ. ಒಂದು ಸಲ ಊದಿದರು, ಬ್ರೇಕ್ ತುಳಿದೆ. ಅದೆಲ್ಲಿತ್ತೋ ಅಷ್ಟು ಉತ್ಸಾಹ! ಸೊರಗಿ ಕಡ್ಡಿಯಾಗಿದ್ದವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಒಂದು ಕೈಯಲ್ಲಿ ಬಸ್ಸಿನ ಮೈ ಬಡಿಯುತ್ತಾ, ಮೆಜೆಸ್ಟಿಕ್‌ನಿಂದ ಗಾಡಿ ಹೊರಡಿಸುವವರ ಹಾಗೆ ಓಡಾಡಿದರು. ಎರಡು ಬಡಿತವೂ ರೈಟ್ ಎಂದೇ ಲೆಕ್ಕ. ಸೀಟಿ ಕೇಳಿದರೆ ಮುದುಕನ ನಾಯಿ ಎಲ್ಲಿದ್ದರೂ ಓಡಿಬಂದು ನಮ್ಮ ಮೆಟ್ಟಿಲಲ್ಲಿ ಕೂರುತ್ತಿತ್ತು. ಪ್ಯಾಸೆಂಜರ್ ಬಂದ ಎಂದು ಇಬ್ಬರೂ ನಗುತ್ತಿದ್ದೆವು. ಅವರ ನಗುವಿಗೆ ಮಾತ್ರ ಸದ್ದಿರಲಿಲ್ಲ.

ರೇಡಿಯೇಷನ್ ಮುಗಿಯಿತು. ಸುಟ್ಟ ಚರ್ಮ ಉದುರಿ ಹೊಸದು ಬಂತು. ನೋವಿನ ಮಾತ್ರೆ ನಿಂತಿತು. ಗಡ್ಡೆ ಕಾಣುತ್ತಿಲ್ಲ, ಎಂದರು ಡಾಕ್ಟರು. ಇನ್ನು ಮಾತಾಡಿ, ದಿನಾ ಸ್ವಲ್ಪ ಸ್ವಲ್ಪ ಮಾತಾಡಲೇಬೇಕು, ಸುಮ್ಮನೆ ಬಿಟ್ಟರೆ ಗಂಟಲು ಬಿಗಿಯುತ್ತದೆ, ಎಂದರು. ನಾನು ಇವರ ಬಾಯನ್ನೇ ನೋಡಿದೆ. ಇವರು ತಲೆಯಾಡಿಸಿ, ಕೈಮುಗಿದು, ಎದ್ದು ಬಂದರು.

ಮರುದಿನವೂ ಮಾತಿಲ್ಲ. ಅದರ ಮರುದಿನವೂ ಇಲ್ಲ. ಶುಗರ್ ಲ್ಯಾಂಡಿನಾಕೆ ಫೋನ್ ಮಾಡಿ "ಎಲ್ಲೆ ಅದಾರ ನಮ್ಮ ಭಾಷಣಕಾರರು? ಒಂದ್ ಮಾತ್ ಆಡಸ್ರಿ" ಎಂದರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ವಾರಗಳು ಹೋದವು. ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರೀ ಇದು? ಮಾತಾಡಿ ಅಂದ್ರೆ ಮಾತಾಡಲ್ಲ! ಯಾರ ಮೇಲೆ ಹಟ ನಿಮ್ದು? ನನ್ ಮೇಲಾ, ಡಾಕ್ಟರ್ ಮೇಲಾ?" ಎಂದು ಸೌಟು ಹಿಡಿದುಕೊಂಡೇ ಕೇಳಿದೆ.

ಬಹಳ ಹೊತ್ತು ಟೈಪ್ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. ಫೋನನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು. ಸವತಿ ತನ್ನ ಎಂದಿನ ತಣ್ಣನೆಯ ದನಿಯಲ್ಲಿ ಹೇಳಿದಳು: "ಬಾಯಿ ತೆರೆದಾಗ ಬೇರೆ ಯಾರದೋ ದನಿ ಬಂದರೆ ಏನು ಮಾಡಲಿ. ಸುಮ್ಮನಿದ್ದರೆ ಹಳೆಯದು ಇನ್ನೂ ಇದೆ ಎಂದುಕೊಂಡಿರಬಹುದು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ. ಅವರಿಗೆ ಕಾಣದ ಹಾಗೆ, ಈರುಳ್ಳಿ ಹೆಚ್ಚುವ ನೆಪದಲ್ಲಿ ಅತ್ತೆ. ಆ ದನಿ ಬೇಡವೆಂದು ಇಷ್ಟು ವರ್ಷ ಗೊಣಗಿದವಳಿಗೆ ಈಗ ಅದು ಹೇಗೇ ಬಂದರೂ, ಒಡೆದು ಬಂದರೂ, ಸೀಳಿ ಬಂದರೂ ಬೇಕೇ ಬೇಕಾಗಿತ್ತು.

ಆಸ್ಟಿನ್ ಹತ್ತಿರದ ಒಂದು ಸಣ್ಣ ಕ್ಯಾಂಪಿನಲ್ಲಿ, ಗೇಟಿನ ಬಳಿ ಕೂತು ಬಂದವರಿಗೆ ಜಾಗ ತೋರಿಸಿ ಸ್ನಾನದ ಮನೆಗಳನ್ನು ತೊಳೆದರೆ, ಬಸ್ಸು ನಿಲ್ಲಿಸಲು ಜಾಗ ಪುಕ್ಕಟೆ ಎಂದು ತಿಳಿಯಿತು. ಪುಕ್ಕಟೆ ಎನ್ನುವುದು ನಮಗೆ ಆಗ ಮಂತ್ರದಂಥ ಮಾತು. ಹೊರಟೆವು. ನಮ್ಮವರು ಈಗ ಓಡಿಸಬಹುದಾಗಿತ್ತು, ಆದರೆ ನಾನು ಸೀಟು ಬಿಟ್ಟುಕೊಡಲಿಲ್ಲ. ಹೊರಡುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ ಸೀಟಿಯನ್ನು ತೆಗೆದು ಹುಳಿಪುಡಿ ಡಬ್ಬದಲ್ಲಿ ಹೂತೆ.

ಕ್ಯಾಂಪಿನಲ್ಲಿ ನಮಗೆ ಕೊಟ್ಟ ಜಾಗದ ಹಿಂದೆಯೇ ಒಂದು ದೊಡ್ಡ ಓಕ್ ಮರ. ನಮ್ಮವರು ಎಂದಿನಂತೆ ಟವೆಲ್ ಹಾಕಿಕೊಂಡು ಇಳಿದರು. ಸೀಟಿಗಾಗಿ ಮೊಳೆ ನೋಡಿದರು, ಜೇಬು ತಡಕಿದರು, ನನ್ನ ಕಡೆ ಕೈಯಾಡಿಸಿದರು. ನಾನು ಕಾಣದವಳಂತೆ ರಿವರ್ಸ್ ಹಾಕಿದೆ. ಪಕ್ಕದ ಕನ್ನಡಿಯಲ್ಲಿ ಅವರು ಚೆನ್ನಾಗಿಯೇ ಕಾಣುತ್ತಿದ್ದರು. ಮರವೂ ಕಾಣುತ್ತಿತ್ತು. ಬಸ್ಸು ನಿಧಾನವಾಗಿ ಹಿಂದೆ ಹೋಯಿತು. ಅವರು ಕೈ ಎತ್ತಿ ನಿಲ್ಲಿಸು ಎಂದು ಸನ್ನೆ ಮಾಡಿದರು. ಹೋಯಿತು. ಗಾಬರಿಯಲ್ಲಿ ಬಸ್ಸಿನ ಮೈಯನ್ನು ದಬದಬ ಎಂದು ಎರಡು ಸಲ ಬಡಿದರು. ಎರಡು ಬಡಿತ ಎಂದರೆ ರೈಟ್, ಕಾಯಿದೆ ಕಾಯಿದೆಯೇ. ಇನ್ನಷ್ಟು ಹೋಯಿತು. ಫೋನ್ ತೆಗೆದರು, ಆದರೆ ಸವತಿಯನ್ನು ಎಬ್ಬಿಸುವಷ್ಟು ಪುರುಸೊತ್ತಿರಲಿಲ್ಲ.

"ಹೋ... ಹೋಲ್ಡಾನ್! ಲೇ! ಹೋಲ್ಡಾನ್ ಅಂದ್ರೆ!"

ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದ ಹಾಗಿತ್ತು ಆ ದನಿ. ಬ್ರೇಕ್ ತುಳಿಯಲೆಂದೇ ಕಾಲು ಇಟ್ಟುಕೊಂಡು ಕಾಯುತ್ತಿದ್ದವಳು, ಅದು ಕಿವಿಗೆ ಬಿದ್ದದ್ದೇ ತುಳಿಯುವುದನ್ನೇ ಮರೆತೆ. ಹಿಂದೆ ಚಟಾರೆಂದಿತು. ಆಮೇಲೆ ತುಳಿದೆ.

ಇಳಿದು ಹೋಗಿ ನೋಡಿದರೆ ಹಿಂದಿನ ದೀಪ ಪುಡಿಯಾಗಿ ಮರದ ಬುಡದಲ್ಲಿ ಚೆಲ್ಲಿತ್ತು. ನಮ್ಮವರು ಅದರ ಪಕ್ಕ, ಗಂಟಲ ಮೇಲೆ ಕೈಯಿಟ್ಟುಕೊಂಡು, ಯಾರೋ ಹೆಸರು ಹಿಡಿದು ಕರೆದಂತೆ ನಿಂತಿದ್ದರು. ಅಷ್ಟರಲ್ಲಿ ಅವರ ಕಣ್ಣು ಒಡೆದ ದೀಪದ ಮೇಲೆ ಬಿತ್ತು.

"ಕಿವಿ ಕೇಳಲ್ವೇನೇ ನಿಂಗೆ?"

"ಕೇಳಿಸ್ತು ರೀ" ಎಂದೆ. "ಚೆನ್ನಾಗಿ ಕೇಳಿಸ್ತು."

ಅಲ್ಲಿಂದ ಶುರುವಾಯಿತು. ಕನ್ನಡಿ ಯಾಕೆ ಇರೋದು, ಮರ ಅಷ್ಟು ದೊಡ್ಡದಿದೆ, ಹೊಸ ದೀಪಕ್ಕೆ ಯಾರಪ್ಪ ಕೊಡ್ತಾನೆ, ನಿಮ್ಮಣ್ಣನಾ? ಮಧ್ಯೆ ಮಧ್ಯೆ ದನಿ ಒಡೆಯಿತು, ಕೆಮ್ಮಿದರು, ನೀರು ಕುಡಿದರು, ಬಿಟ್ಟ ಕಡೆಯಿಂದಲೇ ಮುಂದುವರಿಸಿದರು. ಸದ್ದು ಕೇಳಿ ಪಕ್ಕದ ಟೆಂಟಿನವನು ಓಡಿಬಂದು, ನಾನು ಕಣ್ಣು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ, ಎಲ್ಲಾ ಸರಿಯಾಗಿದೆಯೇ ಎಂದು ನನ್ನನ್ನು ಕೇಳಿದ. ಅವನಿಗೂ ನಮ್ಮವರು ಅದೇ ದನಿಯಲ್ಲಿ ಇಂಗ್ಲಿಷಿನಲ್ಲಿ ನನ್ನ ಡ್ರೈವಿಂಗಿನ ಕಥೆಯನ್ನು ಲೂಯಿಸ್‌ವಿಲ್‌ನಿಂದ ಹಿಡಿದು ವಿವರಿಸಿದರು. ಪಾಪ, ಅವನು ನಿಂತುಕೊಂಡೇ ಕೇಳಿದ.

ಸಂಜೆ ಅಡುಗೆಗೆ ತಾವೇ ನಿಂತರು, ಬೈಯಲು ಹತ್ತಿರವಾಗುತ್ತದೆ ಎಂದು. ಬೇಳೆ ಕುದಿಯುತ್ತಿದ್ದಾಗ ಹುಳಿಪುಡಿ ಡಬ್ಬಕ್ಕೆ ಚಮಚ ಹಾಕಿದರು. ಏನೋ ತಗುಲಿತು. ಕೆಂಪು ಪುಡಿ ಮೆತ್ತಿದ ಸೀಟಿಯನ್ನು ಎತ್ತಿ ಹಿಡಿದು, ಜೋರಾಗಿ ಸೀನಿ, ನನ್ನ ಮುಖ ನೋಡಿದರು.

"ಕಳ್ಳಿ" ಎಂದರು.

ಸೀಟಿಯನ್ನು ಅದೇ ಡಬ್ಬಕ್ಕೆ ವಾಪಸು ಹಾಕಿ, ಮುಚ್ಚಳ ಒತ್ತಿದರು. ಆಮೇಲೆ ಮತ್ತೆ ದೀಪದ ವಿಷಯಕ್ಕೆ ಬಂದರು. ನಾನು ಒಲೆಯ ಉರಿ ಸಣ್ಣ ಮಾಡಿ, ಒಂದು ಮಾತೂ ತಪ್ಪದ ಹಾಗೆ ಬೈಸಿಕೊಳ್ಳುತ್ತಾ ಕೂತೆ.