ದೊಡ್ಡಪ್ಪನ ಕಾರಿನ ಎಕ್ಸೆಲ್ ಸದ್ದು

ಇವತ್ತು ಬೆಳಿಗ್ಗೆ ಕೊಟ್ಟೂರಿನ ಬಸ್ ನಿಲ್ದಾಣದ ಎದುರು ಹಳೆಯ ಕಾರೊಂದು ಹಿಂದಕ್ಕೆ ಹೊರಳಿಕೊಳ್ಳುತ್ತಿತ್ತು. ಮುಂದಿನ ಚಕ್ರ ಪೂರ್ತಿ ತಿರುಗಿದಾಗ ಟಕ್, ಟಕ್, ಟಕ್ ಎಂದಿತು. ಓಡಿಸುವವನು ಫೋನಿನಲ್ಲಿ ನಗುತ್ತಿದ್ದ. ನನ್ನ ಬಲಗಾಲು ಮಾತ್ರ ಅಂಗಡಿ ಮುಂದಿನ ಚಪ್ಪಡಿಯನ್ನು ಬ್ರೇಕು ಎಂದುಕೊಂಡು ಬಲವಾಗಿ ಒತ್ತಿ ನಿಂತಿತ್ತು. ನಗಬೇಕೆನಿಸಿದರೆ ನಗಿ. ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯಿಂದ ಹೊರಗೆ ಬರುವ ಹೆಂಗಸು ನಾನು. ಆದರೆ ಈ ಸದ್ದಿನ ಭಯ ನನಗೆ ಸುಮ್ಮನೆ ಬಂದದ್ದಲ್ಲ.

ನಮ್ಮ ದೊಡ್ಡಪ್ಪನದು ಬಟ್ಟೆ ಅಂಗಡಿ. ಆದರೆ ಅವರ ಜೀವವಿದ್ದದ್ದು ಕಾರಿನಲ್ಲಿ. ಅದು ಮುಂದಿನ ಚಕ್ರಗಳೇ ಎಳೆಯುವ ಚಿಕ್ಕ ಕಾರು. ನಾನು ಹುಟ್ಟುವ ಮೊದಲೇ ಕೊಂಡದ್ದು. ಈಗ ಅದನ್ನು ಕಂಡರೆ ಹುಡುಗರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಚಿಕ್ಕವಳಿದ್ದಾಗ ದೊಡ್ಡಪ್ಪ ನನ್ನನ್ನು ಊರಾಚೆಯ ಬಯಲಿಗೆ ಕರೆದೊಯ್ದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಗಾಣದ ಎತ್ತಿನ ಹಾಗೆ ಕಾರನ್ನು ಸುತ್ತು ಹೊಡೆಸುತ್ತಿದ್ದರು. "ಕಿಟಕಿಯಾಗ ತಲಿ ಹಾಕಿ ಕೇಳವ್ವ. ಟಕ್ ಅಂದ್ರ ಜಾಯಿಂಟು ಸವದೈತಿ ಅಂತ ತಿಳ್ಕೊ," ಎನ್ನುತ್ತಿದ್ದರು. ಎಂಜಿನ್ನಿನಿಂದ ಚಕ್ರಕ್ಕೆ ಹೋಗುವ ದಂಡ ಎಕ್ಸೆಲ್. ಅದರ ತುದಿಯ ಗಂಟೇ ಜಾಯಿಂಟು, ಅದು ನಮ್ಮ ಮಣಿಕಟ್ಟಿನಂತೆ ಎಲ್ಲ ಕಡೆ ಹೊರಳಬೇಕು. ಒಳಗೆ ಕಬ್ಬಿಣದ ಗುಂಡುಗಳು, ಗ್ರೀಸು. ಮೇಲೆ ರಬ್ಬರಿನ ಚೀಲ. ಚೀಲ ಹರಿದರೆ ಗ್ರೀಸು ಹೊರಗೆ, ನಮ್ಮ ಸೀಮೆಯ ದೂಳು ಒಳಗೆ. ಅಷ್ಟಾದರೆ ಸವೆಯುವುದಕ್ಕೆ ಬೇರೇನೂ ಬೇಕಿಲ್ಲ.

ಹೋದ ವರ್ಷ ಕಾರ್ತಿಕದ ಒಂದು ಸೋಮವಾರ ಬಾಗಳಿಯ ಕಲ್ಲೇಶ್ವರನ ದರ್ಶನಕ್ಕೆಂದು ದೊಡ್ಡಪ್ಪ, ದೊಡ್ಡಮ್ಮ, ನಾನು ಹೊರಟೆವು. ದೊಡ್ಡಪ್ಪ ಕಾರನ್ನು ಓಣಿಯಿಂದ ಹೊರಗೆ ತಿರುಗಿಸುವಾಗಲೇ ನನಗೆ ಆ ಸದ್ದು ಕೇಳಿಸಿತು. ಅವರ ಮುಖ ನೋಡಿದೆ. ಏನೂ ಇಲ್ಲ, ಹಾಯಾಗಿ ವಿಭೂತಿ ಹಚ್ಚಿಕೊಂಡ ಮುಖ.

"ದೊಡ್ಡಪ್ಪ, ಜಾಯಿಂಟು ಸದ್ದು ಮಾಡಾಕತ್ತೈತಿ," ಎಂದೆ.

"ಏನಂದಿ?"

ನಿಲ್ಲಿಸಲು ಕೈ ಮಾಡಿ ಇಳಿದು, ಹೊಸ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಬಗ್ಗಿದೆ. ಎಡ ಚಕ್ರದ ಒಳಮೈಯೆಲ್ಲ ಕರಿ ಗ್ರೀಸು ಸಿಡಿದಿತ್ತು. ಚೀಲ ಬಾಯಿ ಬಿಟ್ಟಿತ್ತು. ದಂಡವನ್ನು ಹಿಡಿದು ಹಿಂದೆ ಮುಂದೆ ತಿರುವಿದೆ. ಬಿಗಿಯಾಗಿರಬೇಕಾದದ್ದು ಅಲ್ಲಾಡುವ ಹಲ್ಲಿನಂತೆ ಕೈಯಲ್ಲಿ ಆಡಿತು.

"ಬಸ್ಸಿನ್ಯಾಗ ಹೋಗಾಣ್ರಿ ದೊಡ್ಡಪ್ಪ," ಎಂದು ಕೂಗಿ ಹೇಳಿದೆ.

ಅವರಿಗೆ ಸಿಟ್ಟು ಬಂತು. "ನನಗ ಕೇಳಿಸಲಾರದ ಸದ್ದು ನಿನಗ ಕೇಳಿಸ್ತೇನು? ಹತ್ತು ಸುಮ್ನ."

ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ ನನ್ನತ್ತ ನೋಡಿ, ವಾದ ಬೇಡ ಎಂಬಂತೆ ಕೈ ಅಲ್ಲಾಡಿಸಿದಳು. ನಾನು ಮುಂದೆ ದೊಡ್ಡಪ್ಪನ ಪಕ್ಕ ಕುಳಿತೆ.

ಹರಪನಹಳ್ಳಿಯ ದಾರಿಯುದ್ದಕ್ಕೂ ನಾನು ಹೊಲ ನೋಡಲಿಲ್ಲ, ಗುಡ್ಡ ನೋಡಲಿಲ್ಲ. ನೇರ ದಾರಿಯಲ್ಲಿ ಸದ್ದಿಲ್ಲ. ತಿರುವು ಬಂದರೆ ಟಕ್, ಟಕ್. ತಿರುವು ಮುಗಿಯುವವರೆಗೆ ಉಸಿರು ಹಿಡಿಯುವುದು, ಆಮೇಲೆ ಬಿಡುವುದು; ಹೆರಿಗೆಯ ಹೊತ್ತಿನಲ್ಲೂ ನಾನು ಉಸಿರಿನ ಲೆಕ್ಕವನ್ನು ಇಷ್ಟು ನಿಷ್ಠೆಯಿಂದ ಇಟ್ಟಿರಲಿಲ್ಲ. ದೊಡ್ಡಪ್ಪ ಮಾತ್ರ ಹತ್ತಿಯ ಧಾರಣೆ, ಅಳಿಯನ ಸೋಮಾರಿತನ ಎಂದು ಒಬ್ಬರೇ ಮಾತಾಡುತ್ತಿದ್ದರು. ಈಗ ಅನಿಸುತ್ತದೆ, ಬೇರೆಯವರು ಮಾತಾಡಿದರೆ ಉತ್ತರ ಕೊಡಬೇಕಾದೀತೆಂದೇ ಅವರು ಬಿಡುವಿಲ್ಲದೆ ಮಾತಾಡುತ್ತಿದ್ದರೇನೋ.

ಮಧ್ಯದಲ್ಲಿ ಒಂದು ಕೆರೆ ಸಿಗುತ್ತದೆ. ದಾರಿ ಏರಿಯನ್ನು ಹತ್ತುತ್ತಲೇ ತಿರುಗುತ್ತದೆ. ಹಿಂದಕ್ಕೆ ಜಾರಿದರೆ ನೇರ ನೀರು. ಆ ವರ್ಷ ಮಳೆಯಾಗಿ ಕೆರೆ ತುಂಬಿತ್ತು. ಅರ್ಧ ಹತ್ತಿದ್ದೆವು. ಕೆಳಗೆ ಕಲ್ಲು ಒಡೆದಂಥ ಸದ್ದಾಯಿತು; ಜಾಯಿಂಟು ಮುರಿದಿತ್ತು. ಎಂಜಿನ್ನು ಒಮ್ಮೆಲೇ ಚೀರಿತು, ಕಾರು ನಿಂತಿತು, ನಿಧಾನವಾಗಿ ಹಿಂದಕ್ಕೆ ಹೊರಟಿತು.

ದೊಡ್ಡಪ್ಪ ಇನ್ನೂ ಆಕ್ಸಿಲರೇಟರ್ ಒತ್ತುತ್ತಿದ್ದರು. ಕಾರಿಗೆ ಬಲ ಸಾಲದೆಂದು ಇನ್ನಷ್ಟು ಒತ್ತಿದರು. ಆ ಚೀರಾಟದಲ್ಲಿ ನನ್ನ ಕಿವಿಯೇ ಹರಿಯುವಂತಿತ್ತು. ಅವರ ಮುಖದಲ್ಲಿ ಕಾರು ಯಾಕೆ ಮುಂದೆ ಹೋಗುತ್ತಿಲ್ಲ ಎಂಬ ಬೆರಗು ಮಾತ್ರ.

"ಬ್ರೇಕ್ ಹಿಡೀರಿ! ದೊಡ್ಡಪ್ಪಾ, ಬ್ರೇಕ್!"

ಅವರು ತಿರುಗಿ ನೋಡಲೂ ಇಲ್ಲ. ಕನ್ನಡಿಯಲ್ಲಿ ನೀರು ಹೊಳೆಯುತ್ತಾ ಹತ್ತಿರ ಬರುತ್ತಿತ್ತು. ನಾನು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕು ಎಳೆದೆ. ಕಾರು ಕುಲುಕಿ, ಹಿಂದಿನ ಚಕ್ರ ಅಂಚಿನ ಕಲ್ಲಿಗೆ ತಾಗಿ ನಿಂತಿತು.

ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟೆ. ದೊಡ್ಡಪ್ಪ ಏರಿಯ ಮೇಲೆ ಕುಕ್ಕರಿಸಿದರು. ಕಾರಿನ ಕಡೆ ನೋಡುತ್ತ ಹೇಳಿದರು.

"ಅದು ಅಷ್ಟು ಒದರಿದ್ದು ನನಗ ಕೇಳಿಸ್ಲಿಲ್ಲವ್ವ. ಏನೂ ಕೇಳಿಸ್ಲಿಲ್ಲ."

ದೊಡ್ಡಮ್ಮ ಅವರ ಎದುರಿಗೆ ಕುಳಿತು, ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ನಿಮಗ ಕೇಳಿಸಂಗಿಲ್ಲ ಅಂತ ನನಗ ಗೊತ್ತೈತ್ರಿ. ಭಾಳ ದಿನಾತು."

"ಗೊತ್ತಿದ್ದೂ ಕಾರಿನ್ಯಾಗ ಕುಂತು ಬರ್ತಿದ್ಯಾ?"

"ಇಲ್ಲಾಂದ್ರ ನೀವು ಒಬ್ಬರ ಹೋಗ್ತಿದ್ರಲ್ಲ," ಎಂದಳು ದೊಡ್ಡಮ್ಮ.

ನಾನು ಕೆರೆಯ ಕಡೆ ತಿರುಗಿ ನಿಂತೆ. ಅಂದು ಬಾಗಳಿಗೆ ಹೋಗಲಾಗಲಿಲ್ಲ; ಟ್ರ್ಯಾಕ್ಟರಿನವರೊಬ್ಬರು ಹಗ್ಗ ಕಟ್ಟಿ ಕಾರನ್ನು ಕೊಟ್ಟೂರಿಗೆ ಎಳೆದು ತಂದರು.

ಕಾರಿಗೆ ಹೊಸ ಜಾಯಿಂಟು ಬಂತು, ದೊಡ್ಡಪ್ಪನಿಗೆ ಕಿವಿಯ ಯಂತ್ರ ಬಂತು. ಯಂತ್ರ ಹೆಚ್ಚು ಹೊತ್ತು ಅಂಗಿ ಜೇಬಿನಲ್ಲೇ ಇರುತ್ತದೆ. ಅದರಲ್ಲಿ ಬರೀ ಗಾಳಿ ಕೇಳಿಸುತ್ತದಂತೆ. ಕಾರಿನ ಬೀಗದ ಕೈಯನ್ನು ತಾವೇ ನನ್ನ ಕೈಗಿಟ್ಟರು. ಈಗ ಹಡಗಲಿಯ ಮದುವೆಗಾಗಲಿ, ಗುಡೇಕೋಟೆಯ ನೆಂಟರ ಮನೆಗಾಗಲಿ, ಓಡಿಸುವವಳು ನಾನೇ. ಭಯ ಹೋಗಿಲ್ಲ, ಸ್ಟಿಯರಿಂಗ್ ಜೊತೆಗೆ ಅದೂ ನನ್ನ ಕೈಗೆ ಬಂದಿದೆ. ತಿರುವು ಬಂದಾಗ ದೊಡ್ಡಪ್ಪ ದಾರಿ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನಾನು ತಿರುವು ಮುಗಿಯುವವರೆಗೆ ಕೇಳಿ, ಆಮೇಲೆ ಅವರಿಗೆ ಕಾಣುವಂತೆ ತುಟಿ ಅಗಲಿಸಿ ಹೇಳುತ್ತೇನೆ: "ಏನೂ ಇಲ್ರಿ."

ಹಿಂದಿನ ಸೀಟಿನಲ್ಲಿ ದೊಡ್ಡಮ್ಮನಿಗೆ ನಿದ್ದೆ ಹತ್ತಿರುತ್ತದೆ.